ಒಂಬತ್ತನೆಯ ಜೋಡಿ

"ಏನಂದ್ರು? ಮೊದಲು ಅದನ್ನ ಹೇಳು, ಆಮೇಲೆ ಕಾಲು ತೊಳಕೊಳ್ಳೋವಂತೆ," ಎಂದರು ಲಕ್ಷ್ಮೀನರಸಿಂಹಯ್ಯನವರು.

ಜಟಕಾದಿಂದ ಇಳಿಯುತ್ತಿದ್ದ ಚೂಡಾಮಣಿಯ ಒಂದು ಕಾಲು ಇನ್ನೂ ಮೆಟ್ಟಿಲ ಮೇಲೇ ಇತ್ತು. ಬೊಂಬಾಯಿಯಿಂದ ಪೂನಾ, ಪೂನಾದಿಂದ ಅರಸೀಕೆರೆ, ಅಲ್ಲಿಂದ ಮೈಸೂರು ಎಂದು ಬಂಡಿ ಬದಲಾಯಿಸಿ ಬಂದವಳ ತಲೆಯಲ್ಲಿ ಇದ್ದಿಲಿನ ಪುಡಿ ತುಂಬಿತ್ತು. ಅವಳ ತಂದೆ ಅರವತ್ತೆಂಟರ ಮುದುಕರು, ಶಾಲು ಹೊದ್ದುಕೊಂಡು ಬೆಳಗಿನ ಆರು ಗಂಟೆಯಿಂದ ಜಗಲಿಯ ಮೇಲೇ ಕುಳಿತಿದ್ದರಂತೆ. ಅವರ ಮನೆಯಲ್ಲಿ ತಂದೆಯನ್ನು ಅಣ್ಣ ಎಂದು ಕರೆಯುವುದು ರೂಢಿ.

"ಚೆನ್ನಾಗಿತ್ತು ಅಂದ್ರು, ಅಣ್ಣ."

"ಯಾವುದು ಚೆನ್ನಾಗಿತ್ತು? ನಿನ್ನ ಭಾಷಣವೋ, ನನ್ನ ಚಿತ್ರವೋ?"

"ಎರಡೂ."

"ಯಾರು ಬರೆದದ್ದು ಅಂತ ಕೇಳಿದ್ರಾ?"

"ಕೇಳಿದ್ರು."

"ನೀನೇನಂದೆ?"

ಚೂಡಾಮಣಿ ಟ್ರಂಕು ಕೆಳಗಿಟ್ಟಳು. "ನಮ್ಮ ತಂದೆ ಬರೆದದ್ದು ಅಂದೆ."

ಮುದುಕರ ಮುಖ ಆಗ ನೋಡಬೇಕಿತ್ತು! ಶಾಲನ್ನು ತೆಗೆದು ಮತ್ತೆ ಹೊದ್ದುಕೊಂಡರು. ಒಳಗಿನಿಂದ ತಾಯಿ ವೇದವತಮ್ಮ, "ಹುಡುಗೀನ ಒಳಗೆ ಬಿಡ್ರಿ ಅಂದ್ರೆ, ಬಾಗಿಲಲ್ಲೇ ನಿಲ್ಲಿಸ್ಕೊಂಡು ಪರೀಕ್ಷೆ ಮಾಡ್ತಿದ್ದೀರಲ್ಲ," ಎಂದು ರೇಗಿದರು. "ಆಯ್ತು ಕಣೇ, ಇನ್ನೊಂದೇ ಮಾತು. ಚೂಡಿ, ಚಿತ್ರ ಎಲ್ಲಿ?" ಎಂದರು ಮುದುಕರು.

"ಅವರೇ ಇಟ್ಕೊಂಡ್ರು ಅಣ್ಣ."

"ಇಟ್ಕೊಂಡ್ರಾ!" ಎಂದು ಮುದುಕರು ಎದ್ದೇ ನಿಂತರು.

ಚಿತ್ರವನ್ನು ಯಾರೂ ಇಟ್ಟುಕೊಂಡಿರಲಿಲ್ಲ. ಬೊಂಬಾಯಿಯಲ್ಲಿ ಅವಳು ಇಳಿದುಕೊಂಡಿದ್ದ ಹೆಂಗಸರ ಹಾಸ್ಟೆಲಿನ ಬೀರುವಿನ ಹಿಂದೆ, ಗೋಡೆಗೂ ಮರಕ್ಕೂ ನಡುವಿನ ಸಂದಿಯಲ್ಲಿ, ತನ್ನ ಕೈಯಾರೆ ಅದನ್ನು ತುರುಕಿ ಬಂದಿದ್ದಳು.

ಚೂಡಾಮಣಿಗೆ ಮೂವತ್ತೊಂದು ವರ್ಷ. ಮೈಸೂರಿನ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದಳು. ನಾಲ್ಕು ವರ್ಷ ಬೋಗಾದಿಯ ರಾಗಿ ಹೊಲಗಳಲ್ಲಿ ಬಲೆ ಹಿಡಿದು ಮಿಡತೆಗಳನ್ನು ಅಟ್ಟಿಸಿಕೊಂಡು ಹೋದವಳು. "ಓದು ಜಾಸ್ತಿಯಾಗಿ ಇಂಗಾಗದೆ ಪಾಪ," ಎಂದು ಆ ಊರಿನವರು ದಾರಿ ಬಿಡುತ್ತಿದ್ದರು. ಮಿಡತೆಯ ಒಂದೊಂದು ಜೀವಕೋಶದಲ್ಲೂ ವರ್ಣತಂತುಗಳೆಂಬ ಸಣ್ಣ ಕಡ್ಡಿಗಳಿರುತ್ತವೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಎಂದು ಅವು ಜೋಡಿ ಜೋಡಿ. ಜೋಡಿಯೆಂದ ಮೇಲೆ ಎರಡೂ ಒಂದೇ ಅಳತೆ ಇರಬೇಕು. ಬೋಗಾದಿಯ ಮಿಡತೆಯಲ್ಲಿ ಒಂಬತ್ತನೆಯ ಜೋಡಿ ಹಾಗಿರಲಿಲ್ಲ. ಒಂದು ಉದ್ದ, ಇನ್ನೊಂದು ಅದರ ಅರ್ಧಕ್ಕೂ ಕಡಿಮೆ. ಮೈಕ್ರೋಸ್ಕೋಪಿನಲ್ಲಿ ಒಂದು ಸಾವಿರದ ಇನ್ನೂರು ಸ್ಲೈಡು ನೋಡಿ, ಕಣ್ಣು ಕೆಂಪಾಗಿಸಿಕೊಂಡು, ತಪ್ಪಿಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದಳು. ಬೊಂಬಾಯಿಯ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅವಳು ಹೇಳಬೇಕಾಗಿದ್ದದ್ದು ಅದೊಂದೇ ಮಾತು. ಅದಕ್ಕೆ ಸಿಕ್ಕಿದ್ದದ್ದು ಹನ್ನೆರಡು ನಿಮಿಷ.

ಫೋಟೋ ಹಿಡಿಯುವ ಸಲಕರಣೆ ವಿಭಾಗಕ್ಕೆ ಇನ್ನೂ ಬಂದಿರಲಿಲ್ಲ. ಚೂಡಾಮಣಿಯ ಕೈಗೋ ಗೆರೆ ಬಾರದು. ಮೈಕ್ರೋಸ್ಕೋಪಿನಲ್ಲಿ ಕಂಡದ್ದನ್ನು ಹೇಗೋ ಪೆನ್ಸಿಲಿನಲ್ಲಿ ಅಳತೆಗೆ ಇಳಿಸುತ್ತಿದ್ದಳು, ಅಷ್ಟೆ. ಅದನ್ನು ದೊಡ್ಡ ಹಾಳೆಗೆ ಏರಿಸಿ ಇಂಕಿನಲ್ಲಿ ಬರೆಯಲು ಮನೆಯಲ್ಲೇ ಒಬ್ಬರಿದ್ದರು. ಲಕ್ಷ್ಮೀನರಸಿಂಹಯ್ಯನವರು ನಲವತ್ತು ವರ್ಷ ಅರಮನೆಯಲ್ಲಿ ಚಿತ್ರ ಬರೆದವರು. ರಾಜರು, ರಾಣಿಯರು, ಚಿನ್ನದ ರೇಕು ಅಂಟಿಸಿದ ದೇವರುಗಳು. ಅರಮನೆಯಲ್ಲಿ ಕೆಲಸ ನಿಂತ ಮೇಲೆ ಅವರ ಚಿತ್ರ ಕೇಳುವವರಿರಲಿಲ್ಲ. ಮಗಳು ಕೇಳಿದಾಗ ಹೊಸ ಮದುಮಗನ ಹಾಗೆ ಕುಣಿದುಬಿಟ್ಟರು.

ಐದು ದಿನ ಹಗಲೆಲ್ಲ ಮನೆಯ ತೊಟ್ಟಿಯಂಗಳದ ಬೆಳಕಿನಲ್ಲಿ ಕುಳಿತು ಬರೆದರು. ಒಂಬತ್ತನೆಯ ಜೋಡಿಯನ್ನು ಮಾತ್ರ ಕೊನೆಗೆ ಉಳಿಸಿಕೊಂಡರು. ಮಗಳು ಇದೇ ಮುಖ್ಯವಾದದ್ದು ಎಂದಿದ್ದಳಲ್ಲ, ಮುಖ್ಯವಾದದ್ದನ್ನು ಕೊನೆಗೇ ಬರೆಯುವುದು ಅವರ ಪದ್ಧತಿ. ದೇವರ ಪಟವಾದರೆ ಕಣ್ಣು ಕೊನೆಗೆ. ಅದನ್ನು ತೆರೆಸುವ ದಿನ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ, ಯಾರೂ ಎದುರಿಗಿಲ್ಲದಂತೆ ಬರೆಯಬೇಕು. ಅವಳು ಹೊರಡುವ ದಿನ ಹಾಗೆಯೇ ಮಾಡಿದರು. ಪೆನ್ಸಿಲಿನ ಗೆರೆ ನೋಡಿದರು. ಒಂದು ದೊಡ್ಡದು, ಒಂದು ಗಿಡ್ಡ. ಅಯ್ಯೋ, ಹುಡುಗಿ ಆತುರದಲ್ಲಿ ಕೈ ಜಾರಿಸಿದ್ದಾಳೆ, ಬಿಳಿಯರ ಮುಂದೆ ನಗೆಪಾಟಲಾಗುತ್ತಾಳೆ ಎಂದುಕೊಂಡು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಎರಡನ್ನೂ ಸಮ ಮಾಡಿದರು. ಆರಿದ ಮೇಲೆ ಸುತ್ತಿ, ಮೇಣದ ಬಟ್ಟೆ ಹೊದಿಸಿ, ಮಗಳ ಕೈಗೆ ಕೊಟ್ಟರು. ರೈಲಿಗೆ ಹೊತ್ತಾಗಿತ್ತು. ಬಿಚ್ಚಿ ನೋಡಲು ಅವಳಿಗೆ ವ್ಯವಧಾನವಿರಲಿಲ್ಲ.

ಬೊಂಬಾಯಿಯಲ್ಲಿ ಚಿತ್ರವನ್ನು ತೂಗುಹಾಕಿದವರು ಅಲ್ಲಿನ ಕಾಲೇಜಿನ ಹುಡುಗರು. ಸಭೆಯಲ್ಲಿ ಇನ್ನೂರು ಜನರಿದ್ದರು. ಅರ್ಧದಷ್ಟು ಮಂದಿ ಹೊರದೇಶದವರು. ಚೂಡಾಮಣಿ ಬೋರ್ಡಿಗೆ ಬೆನ್ನು ಮಾಡಿಕೊಂಡು ಏಳು ನಿಮಿಷ ತಡವರಿಸದೆ ಮಾತಾಡಿದಳು. ಆಮೇಲೆ ಕೋಲು ತೆಗೆದುಕೊಂಡು ಒಂಬತ್ತನೆಯ ಜೋಡಿಯ ಮೇಲಿಟ್ಟು, "ಇವೆರಡರ ನಡುವಿನ ಎದ್ದುಕಾಣುವ ವ್ಯತ್ಯಾಸವನ್ನು ಗಮನಿಸಬೇಕು," ಎಂದು ತಿರುಗಿದಳು.

ವ್ಯತ್ಯಾಸವೇ ಇರಲಿಲ್ಲ. ಅವಳಿ ಮಕ್ಕಳ ಹಾಗೆ ಎರಡೂ ನಿಂತಿದ್ದವು.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಮುಂದಿನ ಸಾಲಿನವರೆಗೂ ಬಂತು. ಅಧ್ಯಕ್ಷರಾಗಿದ್ದ ಬಿಳಿಗಡ್ಡದ ವಿದ್ವಾಂಸರು ಒಳ್ಳೆಯವರು, ಕೈಯೆತ್ತಿ ಸುಮ್ಮನಿರಿಸಿ, "ಈ ಚಿತ್ರ ಬರೆದವರು ಯಾರು?" ಎಂದು ಮೆದುವಾಗಿ ಕೇಳಿದರು. "ಯಾರೋ ಒಬ್ಬ ಪೇಂಟರು. ಬಾಡಿಗೆಗೆ ಹಿಡಿದವನು. ಅವನಿಗೇನೂ ತಿಳಿಯದು," ಎಂದಳು ಚೂಡಾಮಣಿ. ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಅದು ಬಾಯಿಂದ ಸಲೀಸಾಗಿ ಬಂತು. ಸಭೆ ಮತ್ತೊಮ್ಮೆ ನಕ್ಕಿತು. ಈ ಸಲದ ನಗು ಅವಳ ಪರವಾಗಿತ್ತು. ಅವಳೂ ಸ್ವಲ್ಪ ನಕ್ಕಳು.

ಅವತ್ತಿನಿಂದ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಅಳು ಬರಲಿಲ್ಲ, ಸಿಟ್ಟು ಬರಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದರೂ ತಿಳಿಯದಲ್ಲ, ಹಾಗಿತ್ತು. ಮೈಸೂರಿಗೆ ಬಂದು ಸ್ನಾನ ಮಾಡಿದಳು, ಅಮ್ಮ ಬಡಿಸಿದ ಹುಳಿಯನ್ನ ಉಂಡಳು, ಮಾರನೆಯ ದಿನ ವಿಭಾಗಕ್ಕೆ ಹೋದಳು.

ಪ್ರೊಫೆಸರ್ ಸುಂದರೇಶರು ಬೊಂಬಾಯಿಯಲ್ಲಿ ಅವಳ ಜೊತೆಗೇ ಇದ್ದವರು. "ಸ್ಲೈಡುಗಳನ್ನ ನೋಡಿದವರಿಗೆ ನಂಬಿಕೆ ಬಂದಿದೆಯಮ್ಮ," ಎಂದರು. "ಆದರೆ ವರದಿ ಅಚ್ಚಾಗೋ ಪುಸ್ತಕಕ್ಕೆ ಸರಿಯಾದ ಚಿತ್ರ ಬೇಕು. ಇಪ್ಪತ್ತನೇ ತಾರೀಕಿನೊಳಗೆ ತಲುಪದೇ ಇದ್ರೆ ಬರೀ ಶೀರ್ಷಿಕೆ ಹಾಕ್ತಾರಂತೆ. ನಾಲ್ಕು ವರ್ಷ ನೀರಲ್ಲಿ ಹೋಮ ಆಗುತ್ತೆ. ನಾಳೆ ಇನ್ಯಾರೋ ಇದನ್ನೇ ಕಂಡುಹಿಡಿದು ಹೆಸರು ಹಾಕ್ಕೋತಾರೆ. ನಿಮ್ಮ ತಂದೆಯವರಿಗೆ ಹೇಳಿ ಬರೆಸಿ."

ಹೇಳುವುದೇನೋ ಸರಿ. ಹೇಳುವುದು ಹೇಗೆ? ಅಷ್ಟು ಹೊತ್ತಿಗೆ ಮುದುಕರು ಅಗ್ರಹಾರದ ತುಂಬ ಸುದ್ದಿ ಹಂಚಿಯಾಗಿತ್ತು. ಹಾಲು ತರುವ ಚೆಲುವಮ್ಮ ಬೆಳಿಗ್ಗೆ ಅವಳನ್ನು ತಡೆದು ನಿಲ್ಲಿಸಿ, "ಅಂಗಂತೆ ಕಣವ್ವ! ನಿಮ್ಮಪ್ಪಾರ ಚಿತ್ರ ನೋಡಿ ಬಿಳೀ ದೊರೆಗೋಳೆಲ್ಲ ಬೆರಗಾಗೋದ್ರಂತೆ! ಬುಡ್ತೀವಾ, ನಮಗೇ ಇರ್ಲಿ ಅಂತ ಈಸ್ಕಂಡ್ರಂತೆ!" ಎಂದಳು. "ಹೌದು," ಎಂದಳು ಚೂಡಾಮಣಿ. ಸಂಜೆ ವೇದವತಮ್ಮ ಗುಟ್ಟಾಗಿ ಹೇಳಿದರು: "ನಿಮ್ಮಣ್ಣ ಹೀಗೆ ಹೊಟ್ಟೆ ತುಂಬ ಊಟ ಮಾಡಿ ಎಷ್ಟು ವರ್ಷ ಆಗಿತ್ತೋ ಕಣೇ."

ಚೂಡಾಮಣಿ ಯಾರಿಗೂ ತಿಳಿಯದಂತೆ ಬೆಂಗಳೂರಿನಲ್ಲಿ ಜಾಹೀರಾತು ಬರೆಯುವವರೊಬ್ಬರಿಗೆ ಪೆನ್ಸಿಲಿನ ನಕಲು ಕಳಿಸಿದಳು. ಹನ್ನೆರಡನೆಯ ತಾರೀಕು ಅವರಿಂದ ಚಿತ್ರ ಬಂತು. ವರ್ಣತಂತುಗಳು ಬಿಸಿಲಿಗೆ ಹಾಕಿದ ಶಾವಿಗೆಯಂತೆ ಬಿದ್ದಿದ್ದವು. ಸುಂದರೇಶರು ಅದನ್ನು ನೋಡಿ ಕನ್ನಡಕ ತೆಗೆದಿಟ್ಟು, "ಮನೇಲಿ ಅಂಥವರನ್ನ ಇಟ್ಕೊಂಡು ಇದ್ಯಾಕಮ್ಮ?" ಎಂದರು.

ಹದಿಮೂರನೆಯ ತಾರೀಕು ಮಧ್ಯಾಹ್ನ ಮುದುಕರು ಊಟ ಮುಗಿಸಿ ತೊಟ್ಟಿಯ ಅಂಚಿನಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಚೂಡಾಮಣಿ ಹೊಸದಾಗಿ ತೆಗೆದ ಪೆನ್ಸಿಲ್ ಚಿತ್ರವನ್ನು ಅವರ ಮುಂದೆ ಹಾಸಿದಳು.

"ಅಣ್ಣ, ಇದನ್ನ ಮತ್ತೆ ಬರೀಬೇಕು."

"ಯಾಕೆ? ಇನ್ನೊಂದು ಬೇಕಂತಾ ಅವರಿಗೆ?" ಎಂದು ನಗುತ್ತ ಬಗ್ಗಿದರು. ಒಂಬತ್ತನೆಯ ಜೋಡಿಯ ಹತ್ತಿರ ಬೆರಳು ನಿಂತಿತು. "ನೋಡು, ಮತ್ತೆ ಅದೇ ತಪ್ಪು. ಹೋದ ಸಲವೂ ಹೀಗೇ ಮಾಡಿದ್ದೆ. ನಾನೇ ಸರಿಮಾಡಿದೆ. ಒಂದು ಕಣ್ಣು ದೊಡ್ಡದು, ಒಂದು ಚಿಕ್ಕದು ಬಿಡೋಕಾಗುತ್ತೇನಮ್ಮ?"

"ತಪ್ಪಲ್ಲ ಅಣ್ಣ. ಅದು ಇರೋದೇ ಹಾಗೆ. ನಾನು ಬೊಂಬಾಯಿಗೆ ಹೋದದ್ದೇ ಅದನ್ನ ಹೇಳೋಕೆ."

ನಾಲ್ಕು ವರ್ಷದಲ್ಲಿ ಒಂದು ಸಲವೂ ಅವಳು ಇದನ್ನು ತಂದೆಗೆ ವಿವರಿಸಿರಲಿಲ್ಲ. ಅವರಿಗೇನು ತಿಳಿದೀತು ಎಂದು ಬಿಟ್ಟಿದ್ದಳು. ಈಗ ಹೇಳಿದಳು. ಪಾಠ ಒಪ್ಪಿಸಿದಂತೆ, ಸ್ವರ ಏರಿಸದೆ ಇಳಿಸದೆ ಹೇಳಿದಳು. ಮುದುಕರು ಅರ್ಧಕ್ಕೇ ಅರ್ಥಮಾಡಿಕೊಂಡರು. ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈ ಹಾಗೇ ಇತ್ತು.

"ಹಾಗಾದ್ರೆ ಅಲ್ಲಿ... ನಕ್ಕರಾ?"

"ನಕ್ಕರು."

"ಎಷ್ಟು ಜನ ಇದ್ರು?"

"ಇನ್ನೂರು."

"ರಾಮ ರಾಮ," ಎಂದು ಮುದುಕರು ಸುಣ್ಣದ ಡಬ್ಬಿ ಮುಚ್ಚಿದರು. ಅಡುಗೆಮನೆಯಲ್ಲಿ ವೇದವತಮ್ಮ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು. ಆಮೇಲೆ ಅವರು ತಲೆಯೆತ್ತಿ ಮಗಳನ್ನು ನೋಡಿದರು. ಕಣ್ಣು ತುಂಬಿತ್ತು.

"ಅಷ್ಟು ಜನ ನಗ್ತಿರೋವಾಗ, ಯಾರು ಬರೆದದ್ದು ಅಂತ ಕೇಳಿದ್ರೆ, ನಮ್ಮ ತಂದೆ ಅಂದ್ಯಾ?"

ಚೂಡಾಮಣಿ ಪೆನ್ಸಿಲ್ ಚಿತ್ರದ ಅಂಚನ್ನು ನೇರ ಮಾಡಿದಳು.

"ಬೇರೆ ಮಕ್ಕಳಾಗಿದ್ರೆ ಹೇಳ್ತಿರ್ಲಿಲ್ಲ ಕಣಮ್ಮ. ನಾನೇ ಆಗಿದ್ರೂ ಹೇಳ್ತಿರ್ಲಿಲ್ಲ."

"ಅಣ್ಣ, ನಾನು ಅಲ್ಲಿ..."

"ಏನೂ ಹೇಳ್ಬೇಡ. ಹಾಳೆ ತಾ."

ಅವಳು ಹಾಳೆ ತಂದಳು. ಇಂಕು ತಂದಳು. ಸ್ನಾನವಿಲ್ಲ, ಒದ್ದೆ ಪಂಚೆಯಿಲ್ಲ. ಉಂಡ ಮೈಯಲ್ಲೇ, ಮಗಳನ್ನು ಎದುರಿಗೇ ಕೂರಿಸಿಕೊಂಡು, ಮುದುಕರು ಮೊದಲಿಗೇ ಒಂಬತ್ತನೆಯ ಜೋಡಿಯನ್ನು ಹಿಡಿದರು. ಉದ್ದದ್ದನ್ನು ಒಂದೇ ಉಸಿರಿನಲ್ಲಿ ಎಳೆದರು. ಗಿಡ್ಡದ್ದರ ಮಧ್ಯಕ್ಕೆ ಬಂದಾಗ ನಿಬ್ಬು ಮುಂದೆ ಹೋಗಲು ನೋಡಿತು. ಎಡಗೈಯಿಂದ ತಮ್ಮ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು, ಅಲ್ಲೇ ನಿಲ್ಲಿಸಿದರು.

"ಇಷ್ಟೇ ತಾನೇ?"

"ಇಷ್ಟೇ, ಅಣ್ಣ."

ತೊಟ್ಟಿಯಿಂದ ಗಾಳಿ ಬಂದು ಹಾಳೆಯ ಮೂಲೆ ಏಳುತ್ತಿತ್ತು. ಚೂಡಾಮಣಿ ಅಂಗೈಯಿಂದ ಒತ್ತಿ ಹಿಡಿದಳು. ಮುದುಕರು ತಲೆಯೆತ್ತದೆ ನಿಬ್ಬನ್ನು ಒರೆಸುತ್ತ ಹೇಳಿದರು:

"ಇನ್ಮೇಲೆ ಯಾರಾದ್ರೂ ಕೇಳಿದ್ರೆ, ಯಾರೋ ಒಬ್ಬ ಪೇಂಟರು, ಅವನಿಗೇನೂ ತಿಳಿಯದು ಅಂದ್ಬಿಡಮ್ಮ. ನನಗೇನೂ ಬೇಜಾರಿಲ್ಲ. ನನ್ನಿಂದ ನೀನ್ಯಾಕೆ ತಲೆ ತಗ್ಗಿಸ್ಬೇಕು?"

ಮುದುಕರು ಎದ್ದು ಕೈ ತೊಳೆಯಲು ಬಚ್ಚಲಿಗೆ ಹೋದರು. ಗಾಳಿ ನಿಂತಿತ್ತು, ಇಂಕು ಒಣಗಿತ್ತು. ಚೂಡಾಮಣಿ ಹಾಳೆಯನ್ನು ಎರಡೂ ಕೈಯಿಂದ ಒತ್ತಿಕೊಂಡು ಹಾಗೇ ಕುಳಿತಿದ್ದಳು.