ಭಾವನ ದನಿ

ಸೈಕಲ್ ಮಾವನಿಗೆ ತನ್ನ ಭಾವನನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಮುಚ್ಚಿಟ್ಟು ಕಥೆ ಹೇಳುವುದರಲ್ಲಿ ಅರ್ಥವಿಲ್ಲ. ಬೀದಿಗೆಲ್ಲ ಗೊತ್ತಿದ್ದ ವಿಷಯ ಅದು. ಭಾವ ಇದ್ದದ್ದು ಹಿಮ ಬೀಳುವ ಗಡಿಯಲ್ಲಿ, ಕೈಯಲ್ಲಿ ಬಂದೂಕು ಹಿಡಿದು. ಮಾವ ಇದ್ದದ್ದು ಬಸ್ ನಿಲ್ದಾಣದ ಹಿಂದಿನ ಬೀದಿಯ ಸೈಕಲ್ ಅಂಗಡಿಯಲ್ಲಿ, ಕೈಯಲ್ಲಿ ಪಂಪು ಹಿಡಿದು. ಒಬ್ಬನಿಗೆ ಸಿಕ್ಕಿದ್ದು ಸಲಾಮು, ಇನ್ನೊಬ್ಬನಿಗೆ ಸಿಕ್ಕಿದ್ದು 'ಏ, ಸ್ವಲ್ಪ ಗಾಳಿ ಹೊಡಿ'.

ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಸೇನೆ ಸೇರುವ ಹುಚ್ಚಿನಲ್ಲಿ ಬೆಳಗಿನ ಜಾವ ಜೊತೆಯಾಗಿ ಓಡುತ್ತಿದ್ದರು. ಓಟದಲ್ಲಿ ಯಾವಾಗಲೂ ಮುಂದೆ ಇರುತ್ತಿದ್ದವನು ಇವನೇ. ಆದರೆ ಆಯ್ಕೆಯ ದಿನ ವೈದ್ಯರು ಇವನ ಕಾಲನ್ನು ನೀರಿನಲ್ಲಿ ಅದ್ದಿಸಿ, ಸಿಮೆಂಟಿನ ನೆಲದ ಮೇಲೆ ಇಡಿಸಿ, ಮೂಡಿದ ಗುರುತು ನೋಡಿ, "ಚಪ್ಪಟೆ ಪಾದ, ಆಗಲ್ಲ" ಎಂದುಬಿಟ್ಟರು. ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದವನು ಸಿಪಾಯಿಯಾದ. ಸಾಲದ್ದಕ್ಕೆ ರಜೆಯಲ್ಲಿ ಬಂದು ಇವನ ಅಕ್ಕನನ್ನೇ ಮದುವೆಯಾದ. ಅಲ್ಲಿಗೆ ಕೆಲಸವೂ ಹೋಯಿತು, ಗೆಳೆಯನೂ ಹೋದ, ಅಕ್ಕನೂ ಹೋದಳು. ಇವನ ಪಾಲಿಗೆ ಉಳಿದದ್ದು ಮದುವೆಯ ಪಂಕ್ತಿಯಲ್ಲಿ ಬಡಿಸುವ ಕೆಲಸ.

ಭಾವನನ್ನು ಗಡಿಗೆ ಕಳಿಸಿದಾಗ ಅಕ್ಕ ತಮ್ಮನನ್ನು ಮನೆಗೆ ಕರೆಸಿಕೊಂಡಳು. ಅವಳು ಔಷಧಿ ಅಂಗಡಿಯ ಕೆಲಸಕ್ಕೆ ಹೋಗಬೇಕು, ಮಗು ಇನ್ನೂ ತೆವಳುತ್ತಿತ್ತು. ತಮ್ಮ ಒಂದು ಟ್ರಂಕು ಹಿಡಿದು ಬಂದ. ಅಂದಿನಿಂದ ಗ್ಯಾಸ್ ಸಿಲಿಂಡರ್ ಹೊತ್ತವನು ಇವನು, ಸೋರುವ ನಲ್ಲಿ ಕಟ್ಟಿದವನು ಇವನು, ಮಗುವಿಗೆ ಜ್ವರ ಬಂದರೆ ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದವನು ಇವನು. ಆದರೆ ಬೀದಿಯ ಕಣ್ಣಿಗೆ ಅದು ಸಿಪಾಯಿಯ ಮನೆ. ಬೇಕರಿಯವನು ಮಗುವಿಗೆ ದಿನಾ ಒಂದು ಬನ್ನು ಪುಕ್ಕಟೆ ಕೊಡುತ್ತಿದ್ದ, "ದೇಶ ಕಾಯೋರ ಮಗಳಲ್ವಾ" ಎನ್ನುತ್ತಿದ್ದ. ಮಗುವನ್ನು ಎತ್ತಿಕೊಂಡು ನಿಂತವನ ಮುಖವನ್ನು ಅವನು ನೋಡಿದ್ದೇ ಇಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಹತ್ತಿರ ಇರುವವನ ಕೈಗೆ ಗ್ರೀಸು ಮೆತ್ತಿರುತ್ತದೆ, ಅದೇ ಕಾಣುತ್ತದೆ.

ಇಷ್ಟೆಲ್ಲ ಸಹಿಸಿಕೊಂಡದ್ದು ಆ ಮಗುವಿಗಾಗಿ. ಅವಳಿಗೆ ಪಿಟೀಲು ಎಂದು ಹೆಸರಿಟ್ಟವನೂ ಇವನೇ, ಯಾಕೆಂದರೆ ಅವಳು ಅಳಲು ಶುರು ಮಾಡಿದರೆ ಸಣ್ಣ ದನಿಯಲ್ಲಿ ಎಳೆದು ಎಳೆದು ನಿಲ್ಲಿಸುತ್ತಲೇ ಇರಲಿಲ್ಲ. ಮೂರು ವರ್ಷ ದಾಟುವ ಹೊತ್ತಿಗೆ ಪಿಟೀಲು ಊಟಕ್ಕೆ ಹಟ ಹಿಡಿದಳು. ಶಿಶುವಿಹಾರದಲ್ಲಿ ಎಲ್ಲರಿಗೂ ಅಪ್ಪ ಇದ್ದಾರೆ, ನನ್ನಪ್ಪ ಎಲ್ಲಿ, ಅಪ್ಪ ಮಾತಾಡಿದರೆ ಮಾತ್ರ ತಿನ್ನುತ್ತೇನೆ. ಭಾವನ ರಜೆ ಎರಡು ಸಲ ಮಂಜೂರಾಗಿ ಎರಡು ಸಲವೂ ರದ್ದಾಗಿತ್ತು. ಫೋನು ಬರುವುದೇ ಅಪರೂಪ. ಬಂದರೂ ಮಧ್ಯಾಹ್ನ, ಅಕ್ಕ ಅಂಗಡಿಯಲ್ಲಿದ್ದಾಗ. ನಾಲ್ಕು ಮಾತಿಗೆ ಕಡಿದುಹೋಗುತ್ತಿತ್ತು.

"ಒಂದು ಸಲ ನೀನೇ ಮಾತಾಡಿಬಿಡೋ" ಎಂದಳು ಅಕ್ಕ. "ಅಂಗಡಿ ಫೋನಿಂದ ಮಾಡು. ಸ್ಕೂಲಲ್ಲಿ ಮೇಷ್ಟ್ರ ದನಿ ಎಲ್ಲ ಮಾಡಿ ನಗಿಸ್ತಿದ್ದೆಯಲ್ಲ, ನಿನ್ನ ಭಾವನ ದನಿ ಬರಲ್ವಾ ನಿಂಗೆ?"

"ಮೋಸ ಅಲ್ವೇನೇ?"

"ಹೊಟ್ಟೆಗೆ ಎರಡು ತುತ್ತು ಹೋಗ್ಲಿ ಮೊದಲು. ಆಮೇಲೆ ಮೋಸದ ಮಾತು."

ಸಂಜೆ ಗಿರಾಕಿ ಕಡಿಮೆಯಾದ ಮೇಲೆ ಅವನು ಪಂಕ್ಚರ್ ನೋಡುವ ನೀರಿನ ಬೋಗುಣಿ ಪಕ್ಕದಲ್ಲಿ ಕೂತು ಫೋನು ಮಾಡಿದ. ಬಾಯಿಗೆ ಕರ್ಚೀಫು ಅಡ್ಡ. ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದನ್ನು ಹಿಚುಕಿದರೆ ಗಡಿಯ ಗಾಳಿ ಬೀಸಿದಂತೆ ಸದ್ದಾಗುತ್ತಿತ್ತು. ಭಾವನ ದನಿ ಅವನಿಗೆ ಕಷ್ಟವೇ ಆಗಲಿಲ್ಲ. ಹಿಂದಿನಿಂದ 'ನಿಲ್ಲೋ, ನಿಲ್ಲೋ' ಎಂದು ಕೂಗುತ್ತಿದ್ದ ಆ ದನಿಯನ್ನು ವರ್ಷಗಟ್ಟಲೆ ಕೇಳಿದ್ದನಲ್ಲ.

ಒಂದು ಸಲ ಎಂದದ್ದು ದಿನದ ಪಾಳಿಯಾಯಿತು. ಬರೀ 'ಊಟ ಮಾಡು' ಎಂದರೆ ಮಗು ಬಿಡುತ್ತದೆಯೇ? ಅವನು ಒಂದು ಹೇಸರಗತ್ತೆಯನ್ನು ಹುಟ್ಟಿಸಿದ. ಅದರ ಹೆಸರು ಜಮಾದಾರ. ಸೇನೆಯ ಸಾಮಾನು ಹೊರುವ ಜಮಾದಾರನಿಗೆ ಎಷ್ಟು ಜಂಬವೆಂದರೆ, ಯಾರಾದರೂ ಸೆಲ್ಯೂಟ್ ಹೊಡೆಯದೆ ಅದು ಬೆಟ್ಟ ಹತ್ತುವುದೇ ಇಲ್ಲ. ಪಿಟೀಲು ಇಲ್ಲಿ ಚಮಚದಿಂದಲೇ ಸೆಲ್ಯೂಟ್ ಹೊಡೆದು, ಜಮಾದಾರ ಹತ್ತಲಿ ಎಂದು ಬಾಯಿ ತೆರೆಯುತ್ತಿದ್ದಳು. ತಟ್ಟೆ ಖಾಲಿಯಾಗುವ ಹೊತ್ತಿಗೆ ಜಮಾದಾರ ಶಿಖರದಲ್ಲಿರುತ್ತಿತ್ತು. ಶಟರ್ ಎಳೆದು ಮನೆಗೆ ಓಡಿಬರುತ್ತಿದ್ದ ಮಾವನಿಗೆ ಅವಳು ಅದೇ ಕಥೆಯನ್ನು ತಿರುಗಿ ಹೇಳುತ್ತಿದ್ದಳು.

ಅವನೂ ಮೊದಮೊದಲು ಒಳಗೊಳಗೇ ಹಿಗ್ಗಿದ. ಒಂದು ಸಂಜೆ, ಹುರುಪಿನಲ್ಲಿ, "ಬಾ, ನಾನೂ ಒಂದು ಕಥೆ ಹೇಳ್ತೀನಿ" ಎಂದು ತೊಡೆ ತಟ್ಟಿದ.

ಪಿಟೀಲು ಅವನನ್ನು ಕನಿಕರದಿಂದ ನೋಡಿದಳು. "ನಿಂಗೆ ಬರಲ್ಲ ಮಾವ. ಅಪ್ಪಂಗೆ ಬರುತ್ತೆ."

ಅಲ್ಲಿ ಹತ್ತಿಕೊಂಡಿತು ನೋಡಿ. ಕಥೆ ಇವನದು, ಉಸಿರು ಇವನದು, ಕತ್ತೆಯೂ ಇವನದೇ, ಕೀರ್ತಿ ಮಾತ್ರ ಭಾವನಿಗೆ! ಆಯ್ಕೆಯ ದಿನ ಸೋತದ್ದಕ್ಕೆ ಪಾದವನ್ನಾದರೂ ಬೈಯಬಹುದಿತ್ತು. ಈಗ ತನ್ನ ಬಾಯಿಂದಲೇ ಹುಟ್ಟಿದವನ ಎದುರು ತಾನೇ ಸೋತರೆ ಯಾರನ್ನು ಬೈಯುವುದು? ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡ ಎನ್ನುತ್ತಾರಲ್ಲ, ಹಾಗಾಯಿತು. ಟ್ಯೂಬಿಗೆ ತೇಪೆ ಹಚ್ಚುವಾಗ ಕೂಡ ಅವನಿಗೆ ಅದೇ ಯೋಚನೆ. ಗಿರಾಕಿಯೊಬ್ಬ, "ಏನಯ್ಯಾ, ಟ್ಯೂಬನ್ನ ಹೀಗೆ ಉಜ್ಜಿದ್ರೆ ಹೊಸ ತೂತು ಬೀಳುತ್ತೆ" ಎಂದು ಎಚ್ಚರಿಸಬೇಕಾಯಿತು.

ಹೊಟ್ಟೆಕಿಚ್ಚಿಗೆ ಉಪಾಯ ಬೇಗ ಹೊಳೆಯುತ್ತದೆ. ಮರುದಿನ ಫೋನಿನ ಅಪ್ಪ, "ಇವತ್ತು ಕಥೆ ಇಲ್ಲ. ಹಲ್ಲು ಉಜ್ಜಿದ್ಯಾ?" ಎಂದ. ಅದರ ಮಾರನೆಯ ದಿನ, "ಜಮಾದಾರ ಇಲ್ಲ. ಬೇರೆ ಕಡೆ ಕಳಿಸಿಬಿಟ್ರು" ಎಂದ. ಆ ಕಡೆಯಿಂದ ಪಿಟೀಲಿನ ಎಳೆತ ಶುರುವಾದಾಗ ಅವನ ಎದೆ ಚುರ್ ಎಂದಿತು, ಆದರೂ ಬಿಡಲಿಲ್ಲ. "ಗಲಾಟೆ ಮಾಡಬೇಡ! ಅಪ್ಪಂಗೆ ಕೆಲಸ ಇದೆ!" ಎಂದು ಗದರಿ ಫೋನು ಇಟ್ಟ. ಹತ್ತೇ ನಿಮಿಷದಲ್ಲಿ ಮನೆ ತಲುಪಿದ ಮಾವ, ಏನೂ ಅರಿಯದವನಂತೆ, ಅಳುತ್ತಿದ್ದವಳನ್ನು ಎತ್ತಿಕೊಂಡು ಸೈಕಲ್ ತುಳಿಯುವ ಕರಡಿಯ ಕಥೆ ಹೇಳಿದ. ತಾನೇ ಚುಚ್ಚಿ ತಾನೇ ತೇಪೆ ಹಚ್ಚುವ ಈ ಕಸುಬನ್ನು ಅವನು ಸೈಕಲ್ಲಿನ ಮೇಲೆ ಎಂದೂ ಮಾಡಿದವನಲ್ಲ.

ಕೆಲಸ ಮಾತ್ರ ಆಯಿತು. ಪಿಟೀಲು ಫೋನಿಗೆ ಕಾಯುವುದನ್ನು ಬಿಟ್ಟಳು, ಬಾಗಿಲಲ್ಲಿ ನಿಂತು ಮಾವನಿಗೆ ಕಾಯತೊಡಗಿದಳು. ಅಕ್ಕ ಏನೋ ಕೇಳಲು ಬಂದಳು. "ಮಕ್ಕಳಿಗೆ ಬೇಜಾರಾಗುತ್ತೆ ಬಿಡೇ, ದಿನಾ ಅದೇ ಫೋನು" ಎಂದು ಜಾರಿಕೊಂಡ.

ಒಂದು ಭಾನುವಾರ ಬೆಳಿಗ್ಗೆ, ಮೂವರೂ ಮನೆಯಲ್ಲಿದ್ದಾಗ, ಅಕ್ಕನ ಫೋನು ಹೊಡೆದುಕೊಂಡಿತು. ಈ ಸಲ ನಿಜವಾದ ಭಾವ. ಬೆಟ್ಟದ ಕಾವಲಿನಿಂದ ಕೆಳಗಿನ ಶಿಬಿರಕ್ಕೆ ಇಳಿದಿದ್ದಾನೆ, ಎಲ್ಲರೂ ಸಾಲಾಗಿ ನಿಂತು ಮನೆಗೆ ಮಾತಾಡುತ್ತಿದ್ದಾರೆ, ಈಗ ಅವನ ಸರದಿ. ಅಕ್ಕ ಅಳುತ್ತ ನಗುತ್ತ ಎರಡು ಮಾತಾಡಿ, ಸ್ಪೀಕರ್ ಹಾಕಿ, ಫೋನನ್ನು ಮಗಳ ಮುಂದೆ ಹಿಡಿದಳು.

"ಪುಟ್ಟಾ... ಅಪ್ಪ ಕಣಮ್ಮಾ" ಎಂದಿತು ಫೋನು.

ಪಿಟೀಲು ಮಾವನ ಕಾಲಿನ ಹಿಂದೆ ಅಡಗಿಕೊಂಡಳು. "ಬೈಯೋ ಅಪ್ಪ ಬೇಡ. ನಂಗೆ ಮಾವ ಸಾಕು."

ಎಷ್ಟೋ ದಿನದಿಂದ ಅವನು ಕೇಳಬೇಕೆಂದಿದ್ದ ಮಾತು ಅದು, ಅಕ್ಷರಶಃ. ಆ ಕ್ಷಣ ಅವನಿಗೆ ಸಂತೋಷವೂ ಆಯಿತು, ಸುಳ್ಳು ಯಾಕೆ. ಅಕ್ಕ ತಮ್ಮನ ಮುಖ ನೋಡಿದಳು, ನೋಡುತ್ತಲೇ ಅವಳಿಗೆ ಎಲ್ಲ ಅರ್ಥವಾಯಿತು.

"ಏನೋ ಮಾಡಿದೆ ನೀನು?" ಎಂದಳು, ಬಹಳ ಮೆಲ್ಲಗೆ.

ಅವನು ಸ್ಪೀಕರ್ ಆರಿಸಿ, ಫೋನು ಕಸಿದುಕೊಂಡು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋದ.

"ನಾನು ಯಾವಾಗ ಬೈದೆ ಕಣೋ ಅವಳಿಗೆ?" ಭಾವನ ದನಿ ಒಡೆದಿತ್ತು. "ನಾನು ಮಾತಾಡಿದ್ದೇ ಇಲ್ವಲ್ಲೋ ಅವಳ ಹತ್ರ."

"ನೀನಲ್ಲ ಭಾವ, ನಾನು. ದಿನಾ ಊಟದ ಹೊತ್ತಿಗೆ ನಿನ್ನ ದನಿ ಮಾಡಿ ಫೋನು ಮಾಡ್ತಿದ್ದೆ. ಕಥೆ ಎಲ್ಲ ಹೇಳ್ತಿದ್ದೆ. ಅಪ್ಪ ಅಪ್ಪ ಅಂತ ಕುಣಿಯೋಳು. ನಂಗೆ ತಡೀಲಿಲ್ಲ. ಹೊಟ್ಟೆ ಉರೀತು. ಅದಕ್ಕೇ ಬೈದೆ."

ಆ ಕಡೆ ಯಾರೋ 'ಬೇಗ ಮುಗ್ಸಪ್ಪಾ' ಎಂದು ಕೂಗಿದ್ದು ಕೇಳಿಸಿತು. ಭಾವ ತಿರುಗಿ ಬೈಯುತ್ತಾನೆ, ಬೈದರೆ ತಲೆ ಬಗ್ಗಿಸಿ ಕೇಳುವುದು ಎಂದು ಇವನು ಗಟ್ಟಿಯಾಗಿ ನಿಂತ.

"ಬೈಯೋದಕ್ಕೆ ಮುಂಚೆ..." ಭಾವ ಕೇಳಿದ, "ಚೆನ್ನಾಗಿ ಮಾತಾಡ್ತಿದ್ನೇನೋ ನಾನು?"

"ನೀನು ತುಂಬಾ ಚೆನ್ನಾಗಿ ಮಾತಾಡ್ತಿದ್ದೆ ಭಾವ. ನಾನೇ ಕೆಡಿಸಿದೆ ನಿನ್ನ."

"ನಂಗೆ ಕಥೆ ಬರಲ್ವಲ್ಲೋ. ನಾನು ಹೊರಟಾಗ ಅವಳಿನ್ನೂ ತೆವಳ್ತಿದ್ಳು. ಏನು ಹೇಳ್ಲಿ ಅವಳಿಗೆ?"

"ಕಥೆ ಗಿಥೆ ಬೇಡ. ಕಣ್ಣೆದುರು ಏನಿದೆಯೋ ಅದನ್ನ ಹೇಳು. ಇಡಬೇಡ, ಇರು, ಇರು."

ಒಳಗೆ ಓಡಿ ಅವನು ಮಗುವಿನ ಮುಂದೆ ಮಂಡಿಯೂರಿದ. "ಅಪ್ಪಂಗೆ ತಪ್ಪಾಯ್ತಂತೆ ಪಿಟೀಲು. ಇನ್ನು ಬೈಯಲ್ವಂತೆ. ಒಂದೇ ಒಂದು ಸಲ ಕೇಳು, ಬೇಡ ಅನ್ಸಿದ್ರೆ ನಾನೇ ಕಟ್ ಮಾಡ್ತೀನಿ." ಅವಳು ಅನುಮಾನದಿಂದ ಕಿವಿ ಕೊಟ್ಟಳು.

ಭಾವನ ದನಿ ತಡವರಿಸಿತು. "ಇಲ್ಲಿ... ಒಂದು ನಾಯಿ ಇದೆ ಪುಟ್ಟಾ. ಅದಕ್ಕೆ ಒಂದೇ ಕಿವಿ. ನನ್ನ ಬೂಟಿನ ಮೇಲೆ ಮಲಗುತ್ತೆ. ಬೆಳಿಗ್ಗೆ ಬೂಟು ಹಾಕಿದ್ರೆ ಒಳಗೆ ಬೆಚ್ಚಗಿರುತ್ತೆ."

ಅಷ್ಟೇ. ಏಳುಬೀಳಿಲ್ಲ, ಶಿಖರವಿಲ್ಲ. ಇದೂ ಒಂದು ಕಥೆಯೇ? ಎಂದುಕೊಂಡ ಮಾವ. ಆದರೆ ಪಿಟೀಲು ಎರಡೂ ಕೈಯಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಇನ್ನೊಂದು ಕಿವಿ ಎಲ್ಲಿ ಹೋಯ್ತು?" ಎಂದಳು. "ನಂಗೊತ್ತಿಲ್ಲ ಪುಟ್ಟಾ, ಅದು ಬಂದಿದ್ದೇ ಹಾಗೆ" ಎಂದ ಭಾವ. ಹೆಸರೇನು ಎಂದಳು. ಹೆಸರಿಟ್ಟಿಲ್ಲ, ನೀನೇ ಇಡು ಎಂದ. ಅವಳು ಯೋಚಿಸಿ, "ಮಾವ ಅಂತ ಇಡು" ಎಂದಳು. ಭಾವ ಜೋರಾಗಿ ನಕ್ಕ. ಕೆಮ್ಮು ಬೆರೆತ ಆ ನಗು ಸ್ಪೀಕರ್ ಇಲ್ಲದೆಯೂ ಕೋಣೆಗೆಲ್ಲ ಕೇಳಿಸಿತು. ಭಾವನ ದನಿ ಮಾಡುವಾಗ ಇಂಥ ನಗು ನಗಬೇಕೆಂದು ಮಾವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಕೊನೆಗೆ ಫೋನು ಇವನ ಕೈಗೆ ಬಂತು. "ನಾಳೆ ಮತ್ತೆ ಮೇಲಕ್ಕೆ ಹತ್ಬೇಕು, ಯಾವಾಗ ಲೈನ್ ಸಿಗುತ್ತೋ ಹೇಳಕ್ಕಾಗಲ್ಲ" ಎಂದ ಭಾವ. "ಅಲ್ಲೀವರೆಗೂ ನೀನೇ ನೋಡ್ಕೋ. ಆದ್ರೆ ಇನ್ನೊಂದ್ಸಲ ನನ್ನ ಕೆಡಿಸ್ಬೇಡ ಕಣೋ." ಅಷ್ಟು ಹೇಳುವಷ್ಟರಲ್ಲಿ ಲೈನು ಹೋಯಿತು. ಅಕ್ಕ ಆ ದಿನವೆಲ್ಲ ತಮ್ಮನ ಜೊತೆ ಮಾತಾಡಲಿಲ್ಲ. ತಟ್ಟೆಯನ್ನು ಮಾತ್ರ ಎಂದಿನಂತೆ ಅವನ ಮುಂದೆ ತಂದಿಟ್ಟಳು.

ಸೋಮವಾರ ಸಂಜೆ ಅವನು ಗಿರಾಕಿಗಳನ್ನು ಬೇಗ ಸಾಗಹಾಕಿದ. ಮನಸ್ಸಿನಲ್ಲಿ ಎಲ್ಲ ಸಿದ್ಧವಾಗಿತ್ತು. ಭಾವನನ್ನು ಮೊದಲಿಗಿಂತ ಒಳ್ಳೆಯವನನ್ನಾಗಿ ಮಾಡಬೇಕು. ಒಂದೇ ಕಿವಿಯ ನಾಯಿಯನ್ನು ಅದು ಇದ್ದ ಹಾಗೇ ಹೇಳಬೇಕು, ಬಣ್ಣ ಕಟ್ಟಬಾರದು. ಕೀರ್ತಿ ಅವನಿಗೇ ಹೋಗಲಿ. ಹೊಟ್ಟೆ ಉರಿಯುವುದಿದ್ದರೆ ಉರಿಯಲಿ, ಅಭ್ಯಾಸವಾಗಿದೆ. ಕರ್ಚೀಫು ಅಡ್ಡ ಹಿಡಿದು, ಚೀಲ ಹಿಚುಕಿ, ತುಸು ಕೆಮ್ಮಿ, "ಪುಟ್ಟಾ, ಅಪ್ಪ ಕಣಮ್ಮಾ" ಎಂದ. ಇಷ್ಟು ಚೆನ್ನಾಗಿ ಆ ದನಿ ಅವನಿಗೆ ಯಾವತ್ತೂ ಬಂದಿರಲಿಲ್ಲ.

ಆ ಕಡೆಯಿಂದ ಪಿಟೀಲಿನ ದನಿ ಬಂತು.

"ಮಾವಾ," ಎಂದಳು, "ಫೋನ್ ಇಡು. ಅಪ್ಪ ಮಾಡಿದ್ರೆ ಲೈನ್ ಸಿಗಲ್ಲ."

ಅವನು ಹೊಟ್ಟೆ ಉರಿದುಕೊಂಡೇ, ಆದರೆ ಒಂದು ಕ್ಷಣವೂ ತಡಮಾಡದೆ, ಫೋನು ಇಟ್ಟ.