ಆಲಿಕಲ್ಲಿನ ಪ್ರೊಫೆಸರಮ್ಮ

ನಮ್ಮ ಸೀಮೆಗೆ ನಡುಬೇಸಿಗೆಯಾದ ಜುಲೈ ತಿಂಗಳ ಧಗೆಯಲ್ಲಿ ನಗರವೆಲ್ಲ ಅಂಗಿಯ ಗುಂಡಿ ಬಿಚ್ಚಿಕೊಂಡು ನೆರಳು ಹುಡುಕುತ್ತಿದ್ದರೆ, ನಮ್ಮ ವಿಶ್ವವಿದ್ಯಾನಿಲಯದ ಮೊಗಸಾಲೆಯಲ್ಲಿ ಕುರಿಚರ್ಮದ ಕೋಟು ತೊಟ್ಟು, ಉಣ್ಣೆಯ ಟೊಪ್ಪಿಗೆಯನ್ನು ಕಿವಿಯ ಮೇಲಕ್ಕೆ ಎಳೆದುಕೊಂಡು ನಡೆದುಬರುವವರು ಒಬ್ಬರೇ ಒಬ್ಬರಿದ್ದರು: ಮೇಘಭೌತಶಾಸ್ತ್ರದ ಪ್ರಾಧ್ಯಾಪಕಿ ಯೆವ್ರೋಸಿಮಾ ತೆರ್ಜಿಚ್. ಹೊಸ ವಿದ್ಯಾರ್ಥಿಗಳು ಬೆರಗಾಗಿ ದಾರಿ ಬಿಡುತ್ತಿದ್ದರು. ಹಳಬರಿಗೆ ಕಾರಣ ಗೊತ್ತಿತ್ತು. ಆಲಿಕಲ್ಲು ಬೀಳುವುದು ಬೇಸಿಗೆಯಲ್ಲಿ. ಅದನ್ನು ಕರಗಗೊಡದೆ ಕಾಪಾಡಿ, ಸಣ್ಣ ಗರಗಸದಿಂದ ಹಪ್ಪಳದಷ್ಟು ತೆಳ್ಳಗೆ ಸೀಳಿ, ಅದರ ಒಳಗಿನ ಬಳೆಬಳೆಯಾದ ಪದರಗಳನ್ನು ಓದುವ ಶೀತಕೋಣೆ ನೆಲಮಾಳಿಗೆಯಲ್ಲಿತ್ತು. ಲೋಕಕ್ಕೆಲ್ಲ ಬೇಸಿಗೆಯಾದಾಗ ಅವರಿಗೆ ಅಲ್ಲಿ ಚಳಿಗಾಲ. ಆ ಕೋಣೆಯಲ್ಲಿ ಜಾರದಿರಲೆಂದು ಕಲಿತ ನಡಿಗೆ, ಮೊಣಕಾಲನ್ನು ಕೊಂಚ ಮಡಿಸಿ ಅಂಗಾಲನ್ನು ಪೂರ್ತಿ ಊರುವ ಆ ನಡಿಗೆ, ಒಣಬೀದಿಯಲ್ಲೂ ಅವರನ್ನು ಬಿಡಲಿಲ್ಲ.

ಅವರ ಮಾತಿನಲ್ಲಿ ‘ಬಹುಶಃ’ ಎಂಬ ಪದ ಊಟದ ಉಪ್ಪಿನಂತೆ ಬೆರೆತಿತ್ತು. ಕಾಫಿ ಕುದಿಯಿತೇ ಎಂದು ಕೇಳಿದರೂ “ಬಹುಶಃ” ಎಂದು ಪಾತ್ರೆಯೊಳಗೆ ಇಣುಕಿ, ಆಮೇಲೆ ಹೌದೆನ್ನುವವರು. ಬೆನ್ನ ಹಿಂದೆ ನಾವು ಅವರನ್ನು ‘ಬಹುಶಃ ಮೇಡಂ’ ಎಂದೇ ಕರೆಯುತ್ತಿದ್ದೆವು.

ನನ್ನ ಮೌಖಿಕ ಪರೀಕ್ಷೆಯಲ್ಲಿ, ಮೋಡದ ಹನಿ ಮಳೆಹನಿಯಾಗುವ ಬಗೆಯನ್ನು ಕೇಳಿದರು. ನೀರಾವಿಯು ಉಪ್ಪಿನದೋ ಧೂಳಿನದೋ ಹೊಗೆಯದೋ ಒಂದು ಕಣವನ್ನು ಆಶ್ರಯಿಸಿ ಹನಿಗಟ್ಟುವುದರಿಂದ ಹಿಡಿದು, ಹನಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಬೆಳೆಯುವವರೆಗೆ ಸಮೀಕರಣಗಳ ಸಮೇತ ಒಪ್ಪಿಸಿದೆ.

“ಚೆನ್ನಾಗಿ ಹೇಳ್ದೆ ಮಗು. ಇದ್ರಲ್ಲಿ ನಂಗೆ ಗೊತ್ತಿಲ್ಲದ್ದು ಎಲ್ಲಿ ಬಂತು?” ಎಂದರು.

“ನಿಮಗೆ ಗೊತ್ತಿಲ್ಲದ್ದು ನಂಗೆ ಹೇಗೆ ಗೊತ್ತಾಗುತ್ತೆ ಮೇಡಂ?”

“ಅದು ಗೊತ್ತಾದ ದಿನ ಬಾ. ಓದು ಶುರುವಾಗೋದೇ ಅಲ್ಲಿಂದ.”

ಬೇಸಿಗೆಯೆಲ್ಲ ಗ್ರಂಥಾಲಯದಲ್ಲಿ ಕಳೆದು ಸೆಪ್ಟೆಂಬರಿನಲ್ಲಿ ಮತ್ತೆ ಹೋದೆ. ಹನಿಗಳು ಡಿಕ್ಕಿ ಹೊಡೆಯುವಷ್ಟು ದೊಡ್ಡವಾಗಲು ನಮ್ಮ ಲೆಕ್ಕ ಕೇಳುವ ಹೊತ್ತಿಗಿಂತ ಎಷ್ಟೋ ಮುಂಚೆಯೇ ಆಕಾಶದಲ್ಲಿ ಮಳೆ ಸುರಿದುಬಿಡುತ್ತದೆ, ಆ ಅವಸರದ ಕಾರಣ ಪೂರ್ತಿಯಾಗಿ ಯಾರಿಗೂ ತಿಳಿದಿಲ್ಲ ಎಂದೆ. ಅವರ ಮುಖ ಅರಳಿತು. ಅಂದೇ ನನ್ನನ್ನು ಸಂಶೋಧನೆಗೆ ಸೇರಿಸಿಕೊಂಡರು.

ಮರುವರ್ಷ, ರಾಸ್‌ಬೆರಿ ಬೆಳೆಯುವ ಬೆಟ್ಟದೂರುಗಳಲ್ಲಿ ಹಣ್ಣು ಕೆಂಪಗಾಗಿ ಇನ್ನೇನು ಕೊಯ್ಯಬೇಕು ಅನ್ನುವಾಗ ಆಲಿಕಲ್ಲು ಸುರಿಯಿತು. ಗುಡ್ಡದ ಮೇಲಿನ ಕೇಂದ್ರದಿಂದ ರಾಕೆಟ್ ಹಾರಿಸಿ, ಆಲಿಕಲ್ಲು ದೊಡ್ಡದಾಗದಿರಲೆಂದು ಮೋಡಕ್ಕೆ ಬೆಳ್ಳಿಯ ಲವಣದ ಹೊಗೆಯನ್ನು ಬಿತ್ತಿದ್ದರು. ಆದರೂ ಬಿದ್ದದ್ದು ಅಕ್ರೋಟಿನ ಗಾತ್ರದ ಕಲ್ಲುಗಳು. ಮರುದಿನ ಸ್ರೆತೆನ್ ಎಂಬ ಬೆಳೆಗಾರ, ಹಣ್ಣು ಸಾಗಿಸುವ ಥರ್ಮೋಕೋಲ್ ಪೆಟ್ಟಿಗೆಯ ತುಂಬ ಆಲಿಕಲ್ಲು ಹೊತ್ತು ನಮ್ಮ ನೆಲಮಾಳಿಗೆಗೆ ಇಳಿದು ಬಂದ.

“ನಮ್ಮ ತೋಟ ಹಾಳು ಮಾಡಿದ್ದು ಆ ರಾಕೆಟ್ಟೇ. ಕರಗಿಸಿ ನೋಡಿ, ಬೆಳ್ಳಿ ಸಿಕ್ಕೇ ಸಿಗುತ್ತೆ. ಸಿಕ್ರೆ ಊರೆದುರಿಗೆ ಹೇಳ್ತೀರೋ ಇಲ್ವೋ?”

“ಸಿಕ್ರೂ ಹೇಳ್ತೀನಿ, ಸಿಗದಿದ್ರೂ ಹೇಳ್ತೀನಿ,” ಎಂದರು ಯೆವ್ರೋಸಿಮಾ.

ಹೆಚ್ಚಿನ ಕಲ್ಲುಗಳಲ್ಲಿ ಸಿಕ್ಕಿದ್ದು ಮಣ್ಣಿನ ಧೂಳು, ಪೈನ್ ಮರದ ಪರಾಗ, ಒಲೆಗಳ ಮಸಿ, ಕೆಲವುಗಳಲ್ಲಿ ಬೆಳ್ಳಿ. ಅದನ್ನು ಯೆವ್ರೋಸಿಮಾ ಮೊದಲು ರಾಕೆಟ್ ಹಾರಿಸುವ ಇಲಾಖೆಗೇ ತಿಳಿಸಿದರು. ಅಲ್ಲಿಂದ ಬಂದ ಅಧಿಕಾರಿ ಕುರ್ಚಿಯ ತುದಿಯಲ್ಲಿ ಕೂತು, “ಬೆಳ್ಳಿ ವಿಷಯ ಸದ್ಯಕ್ಕೆ ಬೇಡ ಮೇಡಂ. ಆ ಜನಕ್ಕೆ ಅರ್ಥ ಆಗಲ್ಲ. ನಿಮ್ಮ ಶೀತಕೋಣೆ ನಡೀತಿರೋದು ನಮ್ಮ ನೆರವಿಂದ, ನೆನಪಿರ್ಲಿ,” ಎಂದ.

“ನೆನಪಿದೆ. ಅದಕ್ಕೇ ನಿಮಗೆ ಮೊದ್ಲು ಹೇಳಿದ್ದು,” ಎಂದು ಅವರು ಅವನಿಗೆ ಕಾಫಿ ಬಗ್ಗಿಸಿದರು.

ಬೆಟ್ಟದೂರುಗಳಲ್ಲಿ ಬಂದವರಿಗೆ ಒಂದು ಚಮಚ ಹಣ್ಣಿನ ಪಾಕ, ಒಂದು ಲೋಟ ನೀರು ಕೊಡದೆ ಮಾತು ಶುರುವಾಗುವುದಿಲ್ಲ. ಫಲಿತಾಂಶ ತಿಳಿಸಲೆಂದು ಸ್ರೆತೆನ್‌ನ ಊರಿನಲ್ಲಿ ಕರೆದ ಸಭೆಯ ದಿನ, ಶಾಲೆಯ ಹಜಾರದಲ್ಲಿ ನಮಗೆ ಯಾರೂ ನೀರು ಕೂಡ ಕೊಡಲಿಲ್ಲ. ಕೆಲವು ಕಲ್ಲುಗಳಲ್ಲಿ ಬೆಳ್ಳಿ ಇದೆ ಎಂದು ಅವರು ಹೇಳಿದೊಡನೆ ಸಭೆ ಗೆದ್ದವರಂತೆ ಬೆಂಚು ಗುದ್ದಿತು. ಗದ್ದಲ ಅಡಗುವವರೆಗೆ ಕಾದರು.

“ಬೆಳ್ಳಿ ಇದೆ ಅಂದ್ರೆ ಹೊಗೆ ಮೋಡಕ್ಕೆ ಮುಟ್ಟಿತ್ತು ಅಂತ, ಅಷ್ಟೇ. ಅದ್ರಿಂದ ಆಲಿಕಲ್ಲು ಹೆಚ್ಚಾಯ್ತೋ ಕಮ್ಮಿ ಆಯ್ತೋ, ನಂಗೆ ಗೊತ್ತಿಲ್ಲ. ರಾಕೆಟ್ ಹಾರಿಸದೆ ಇದ್ದಿದ್ರೆ ಏನಾಗ್ತಿತ್ತು ಅಂತ ನೋಡೋಣ ಅಂದ್ರೆ, ಅದೇ ಮೋಡ ಇನ್ನೊಂದು ಸಲ ಬರಲ್ಲ.”

“ಇಷ್ಟು ಓದಿ ಗೊತ್ತಿಲ್ಲ ಅಂತೀಯಲ್ಲಮ್ಮ,” ಹಿಂದಿನ ಸಾಲಿನಿಂದ ಒಬ್ಬ ಚುಚ್ಚಿದ. “ಗೊತ್ತಿಲ್ಲ ಅನ್ನೋಕೆ ನಮ್ಮ ಕತ್ತೆನೇ ಸಾಕಿತ್ತು.”

ಹಜಾರವೆಲ್ಲ ನಕ್ಕಿತು. ಅವರೂ ನಕ್ಕರು. “ನಿಮ್ಮ ಕತ್ತೆ ಪುಣ್ಯ ಮಾಡಿದೆಯಪ್ಪ. ಅದನ್ನ ಯಾರೂ ಎಳ್ಕೊಂಡು ಬಂದು ತೀರ್ಪು ಹೇಳು ಅಂತ ಪೀಡಿಸಲ್ಲ.”

ಆ ದಿನ ಅವರ ಬಾಯಲ್ಲಿ ಒಮ್ಮೆಯೂ ‘ಬಹುಶಃ’ ಬರಲಿಲ್ಲವೆಂಬುದು ಬಸ್ಸಿನಲ್ಲಿ ಹಿಂತಿರುಗುವಾಗ ನನಗೆ ಹೊಳೆಯಿತು. ಎರಡು ಕಡೆಯವರಿಗೂ ಬೇಡವಾಗಿ ಬಂದಿದ್ದೆವು. ಎಲೆ ಉದುರುವ ಹೊತ್ತಿಗೆ ಇಲಾಖೆ ನೆರವು ನಿಲ್ಲಿಸಿತು. ಶೀತಕೋಣೆಯ ಯಂತ್ರ ಸದ್ದಡಗಿತು. ಜತನದಿಂದ ಕಾಪಾಡಿದ್ದ ಆಲಿಕಲ್ಲುಗಳು ಬಕೆಟ್ಟಿಗೆ ತೊಟ್ಟಿಕ್ಕಿದವು. ನನ್ನ ಪ್ರಬಂಧವೂ ಅವುಗಳ ಜೊತೆಗೇ ಕರಗಿತೆಂದುಕೊಂಡೆ. ಅವರು ಬಕೆಟ್ಟಿನ ಪಕ್ಕ ಸ್ಟೂಲೆಳೆದುಕೊಂಡು ಕೂತು, ಕೊನೆಯ ಹನಿ ಬೀಳುವವರೆಗೆ ನೋಡಿದರು.

ಚಳಿಗಾಲ ಮುಗಿಯುವಾಗ ಸ್ರೆತೆನ್ ಮತ್ತೆ ಬಂದ. ಸಭೆಯಲ್ಲಿ ತುಟಿ ಬಿಚ್ಚದೆ ಕೂತಿದ್ದವನು, ಈಗ ಟೊಪ್ಪಿಗೆಯನ್ನು ಕೈಯಲ್ಲಿ ಹಿಸುಕುತ್ತ ನಿಂತ.

“ನಮ್ಮ ಕೋಲ್ಡ್ ಸ್ಟೋರೇಜಲ್ಲಿ ಒಂದು ಮೂಲೆ ಖಾಲಿ ಇದೆ, ಪ್ರೊಫೆಸರಮ್ಮ. ಹಣ್ಣಿನ ಜೊತೆ ನಿಮ್ಮ ಕಲ್ಲೂ ಇರ್ಲಿ.”

“ನಿಮ್ಮೂರವರು ಒಪ್ಪಿದ್ರಾ?”

“ಅರ್ಧ ಜನ ಬೈದ್ರು. ನಾನಂದೆ, ಈಯಮ್ಮ ಅವ್ರಿಗೂ ಹೆದರ್ಲಿಲ್ಲ, ನಮಗೂ ಹೆದರ್ಲಿಲ್ಲ. ನಾಳೆ ಈಯಮ್ಮನೇ ಗೊತ್ತಾಯ್ತು ಅಂದ್ರೆ ಆ ಮಾತನ್ನ ನಂಬಬಹುದಲ್ವಾ ಅಂತ.”

ಯೆವ್ರೋಸಿಮಾ ಕನ್ನಡಕ ತೆಗೆದು ಒರೆಸಿಕೊಂಡರು.

ನನ್ನ ಪ್ರಬಂಧ ಮುಗಿದದ್ದು ಆ ಶೈತ್ಯಾಗಾರದಲ್ಲಿ, ಹಣ್ಣಿನ ಪೆಟ್ಟಿಗೆಗಳ ನಡುವೆ. ನನ್ನ ಬಳಿಕ ಎಷ್ಟೋ ವಿದ್ಯಾರ್ಥಿಗಳು ಅಲ್ಲೇ ಬೆರಳು ಮರಗಟ್ಟಿಸಿಕೊಂಡು ಮೋಡವನ್ನು ಕಲಿತರು. ಸುತ್ತಲ ಊರುಗಳಲ್ಲಿ ಎಲ್ಲಿ ಆಲಿಕಲ್ಲು ಬಿದ್ದರೂ ಜನ ಬಳಿದು ತಂದುಕೊಟ್ಟರು. ಸ್ರೆತೆನ್‌ನ ಹೆಂಡತಿ ಮಿಲೆವಾ, ನಾವು ನಡುಗುತ್ತ ಹೊರಬಂದರೆ ಪಾಕದ ಚಮಚವನ್ನು ನೇರ ಬಾಯಿಗೇ ಇಡುತ್ತಿದ್ದಳು. ರಾಕೆಟ್ಟಿನ ಪ್ರಶ್ನೆಗೆ ಯೆವ್ರೋಸಿಮಾ ನಿವೃತ್ತಿಯ ದಿನವೂ ಗೊತ್ತಿಲ್ಲ ಎಂದೇ ಹೇಳಿದರು, ಆದರೆ ಅಷ್ಟರಲ್ಲಿ ಆ ಗೊತ್ತಿಲ್ಲದ್ದು ಬಹಳ ಚಿಕ್ಕದಾಗಿತ್ತು.

ಉತ್ತರ ಕೊಡುವ ಗುರುಗಳು ಎಲ್ಲ ಕಾಲದಲ್ಲೂ ಸಿಗುತ್ತಾರೆ, ಅವರಿಗೆ ನಮಸ್ಕಾರ. ತಿಳಿವಿನ ಅಂಚಿನವರೆಗೆ ಕೈಹಿಡಿದು ನಡೆಸಿ, ಅಲ್ಲಿ ಮೆಲ್ಲನೆ ಕೈಬಿಡುವವರು ವಿರಳ. ಆ ಹೊತ್ತಿಗೆ ಅವರು ನಮ್ಮನ್ನು ನಡುದಾರಿಯಲ್ಲಿ ನಿಲ್ಲಿಸಿಹೋದರೆಂದು ಅನ್ನಿಸುತ್ತದೆ. ಮುಂದಿನ ದಾರಿಯನ್ನು ನಾವು ನಡೆದೇವೆಂದು ಅವರು ಎಷ್ಟು ನಂಬಿದ್ದರೆಂಬುದು ಅರಿವಿಗೆ ಬರುವುದು ತಡವಾಗಿ, ನಮ್ಮ ಕೈಯಲ್ಲೂ ಒಂದು ಎಳೆಯ ಕೈ ಇರುವಾಗ.