ಅಂಗೈ ತಕ್ಕಡಿಯ ಮಾದೇವಿ

ಕೈಗೆ ಬಂದ ಯಾವ ವಸ್ತುವನ್ನೂ ಮಾದೇವಿ ಮೊದಲು ನೋಡುವುದಿಲ್ಲ, ತೂಗುತ್ತಾರೆ. ಚಹದ ಕಪ್ಪಾಗಲಿ, ಪೇರಲ ಹಣ್ಣಾಗಲಿ, ಮದುವೆಯ ಕರೆಯೋಲೆಯಾಗಲಿ, ಅವರ ಬಲ ಅಂಗೈಯ ಮೇಲೆ ಒಂದು ಕ್ಷಣ ಕುಳಿತು, ಮೆಲ್ಲಗೆ ಮೇಲೆದ್ದು ಕೆಳಗಿಳಿದು, ಆಮೇಲಷ್ಟೇ ಕಣ್ಣಿನ ಸನ್ನಿಧಿಗೆ ಹೋಗಬೇಕು. ಜಮಖಂಡಿಯಲ್ಲಿ ಅವರಿಗೊಂದು ಸನ್ಮಾನ ನಡೆದಾಗ ಸಂಘಟಕರು ತೊಟ್ಟಿಲಿನಷ್ಟು ದೊಡ್ಡ ಸ್ಮರಣಿಕೆಯನ್ನು ಕೈಗಿತ್ತರು. ಫೋಟೋದವನು ನಗಲು ಹೇಳುತ್ತಿದ್ದ, ಇವರು ತೂಗುತ್ತಿದ್ದರು. "ಇದರ ತೂಕದಾಗ ನಮ್ಮ ಆಕಾಶದ ನೌಕೆ ಅರ್ಧ ಆಗ್ತಿತ್ತಲ್ರಿ. ಇದು ಬೇಕೇನ್ರಿ?" ಎಂದು ಮೈಕಿನೆದುರೇ ಅಂದುಬಿಟ್ಟರು. ಸಂಘಟಕರ ಮುಖ ಸಣ್ಣದಾಯಿತು. ನನಗೆ ಆ ದಿನ ತುಂಬ ಹಿಡಿಸಿದ ಭಾಷಣ ಅದೊಂದೇ.

"ಇದು ಬೇಕೇನ್ರಿ?" ಎಂಬುದು ಅವರ ಮಾತಿನ ತಾಳ. ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುವ ಈ ಹೆಂಗಸು ತನ್ನ ಬಿಳಿ ಕೋಟಿನ ಜೇಬುಗಳನ್ನು ತಾನೇ ಬಿಚ್ಚಿ ಎಸೆದಿದ್ದಾರೆ. ಹೊಲಿಗೆಯ ಗುರುತು ಮಾತ್ರ ಉಳಿದಿದೆ. ಕೇಳಿದರೆ, "ಜೇಬಿದ್ರ ಏನರ ತುಂಬತೈತ್ರಿ" ಅನ್ನುತ್ತಾರೆ. ಅವರು ಹುಟ್ಟಿದ್ದು ಬನಹಟ್ಟಿಯ ಮಗ್ಗದ ಮನೆಯಲ್ಲಿ. ಎರಡು ಮಗ್ಗಗಳ ನಡುವೆ ಒಂದು ಮೈ ಅಡ್ಡ ತಿರುಗಿ ಹೋಗುವಷ್ಟೇ ದಾರಿ ಇದ್ದುದರಿಂದಲೋ ಏನೋ, ಕಾಲೇಜಿನ ಬಯಲಂಥ ಮೈದಾನದಲ್ಲಿಯೂ ಅವರು ಭುಜವನ್ನು ಮುಂದೆ ಮಾಡಿ ಓರೆಯಾಗಿಯೇ ನಡೆಯುತ್ತಾರೆ, ಕಾಣದ ಮಗ್ಗಕ್ಕೆ ಸೆರಗು ಸಿಕ್ಕೀತೆಂಬ ಎಚ್ಚರದಲ್ಲಿ.

ಈ ತೂಕದ ಹುಚ್ಚಿಗೆ ಕಾರಣವಿದೆ. ಸೂರ್ಯನ ಸುತ್ತ ಅಲೆಯುತ್ತ ನಮ್ಮ ಭೂಮಿಯ ದಾರಿಯ ಸಮೀಪ ಹಾಯ್ದುಹೋಗುವ ಕ್ಷುದ್ರಗ್ರಹಗಳಿವೆಯಲ್ಲ, ಅಂಥದೊಂದು ಕಲ್ಲನ್ನು ಹತ್ತಿರದಿಂದ ನೋಡಿಬರಲು ಕೆಲವು ಕಾಲೇಜುಗಳು ಕೂಡಿ ಒಂದು ಪುಟ್ಟ ನೌಕೆ ಕಟ್ಟಿದವು. ಬೂಟಿನ ಡಬ್ಬಿಗಿಂತ ತುಸು ದೊಡ್ಡದು. ದೊಡ್ಡ ಉಪಗ್ರಹ ಹೊತ್ತ ರಾಕೆಟ್ಟಿನ ಖಾಲಿ ಮೂಲೆಯಲ್ಲಿ ಕೂತು ಹೋಗಬೇಕಾದದ್ದು. ಅದರ ಕ್ಯಾಮೆರಾ ಮತ್ತು ತಂತಿಗಳ ಕೆಲಸ ಮಾದೇವಿಯ ಪಾಲಿಗೆ ಬಂತು. ಅಂದಿನಿಂದ ಒಂದೊಂದು ಗ್ರಾಂ ತೂಕವೂ ಅವರಿಗೆ ಶತ್ರು.

ಸನ್ಮಾನದ ಸಭೆಯಲ್ಲಿ ಕಬ್ಬಿನ ದೊಡ್ಡ ಬೆಳೆಗಾರ ಗಿರಮಲ್ಲಪ್ಪ ಎದ್ದು ನಿಂತು ಕುಟುಕಿದ್ದ: "ಅಕ್ಕಾರ, ಆಕಾಶದ ಕಲ್ಲು ನಮ್ಮ ಕಬ್ಬಿನಾಗ ಬಿದ್ದಮ್ಯಾಲೆ ನೋಡೂಣು ಬಿಡ್ರಿ. ಈಗ್ಯಾಕ ಗಡಿಬಿಡಿ?"

"ಬಿದ್ದಮ್ಯಾಲೆ ಕಬ್ಬೂ ಇರಂಗಿಲ್ಲ, ನೀವೂ ಇರಂಗಿಲ್ಲ. ನೋಡಾವ್ರು ಯಾರ್ರಿ?" ಸಭೆ ಹೋ ಎಂದು ನಕ್ಕಿತು. ಮಾದೇವಿ ನಗಲಿಲ್ಲ. "ಕಲ್ಲು ನಮ್ಮ ಕಡೆ ಬಂದ್ರ ದೂಡಬೇಕಲ್ರಿ? ಎದುರಿಗೆ ಇರೂದು ಮಣ್ಣಿನ ಹೆಂಟಿನೋ ಗಟ್ಟಿ ಕಲ್ಲೋ ಗೊತ್ತಿಲ್ದ ಒದ್ರ ಕಾಲು ಮುರೀತೈತಿ. ಮೊದ್ಲ ನೋಡಬೇಕು."

"ಅಲ್ರಿ, ಇಷ್ಟ ಸಣ್ಣ ಡಬ್ಬಿ ಏನ್ ನೋಡತೈತಿ?"

"ಮುಧೋಳದಾವ್ರು ನೀವು. ಮೊಲದ ಬೆನ್ನಿಗೆ ಆನಿ ಬಿಡತೀರೇನು, ನಾಯಿ ಬಿಡತೀರೇನು?"

ಗಿರಮಲ್ಲಪ್ಪ ಕೂತ.

ಇಂಥ ಮಾದೇವಿಯೇ ಒಮ್ಮೆ ಸೋತರು. ಸೋಲಿಗೆ ದಾರಿ ಮಾಡಿದ್ದು ಅವರ ತೂಕದ ಹಟವೇ. ನೌಕೆಯೊಳಗಿನ ತಂತಿಗಳನ್ನು ಪ್ಲಾಸ್ಟಿಕ್ ಪಟ್ಟಿಗಳಿಂದ ಬಿಗಿಯುವ ಬದಲು ದಾರದಿಂದ ಕಟ್ಟಿದರೆ ಹಗುರ ಎಂದು ಅವರು ಲೆಕ್ಕ ಹಾಕಿದರು. ಗಂಟು ಹಾಕಲು ತೇರದಾಳದ ಹೊಳೆವ್ವನನ್ನು ಕರೆತಂದರು. ಹೊಳೆವ್ವ ಕುರಿಗಾರರ ಮನೆಯವಳು, ಬೀರೇಶ್ವರನ ಒಕ್ಕಲು; ಕಂಬಳಿ ನೇಯ್ದ ಕೈ. ಅವಳ ಗಂಟು ಅಕ್ಕಿಕಾಳಿನಷ್ಟು, ಮೇಲೆ ಬೆರಳಾಡಿಸಿದರೂ ಕೈಗೆ ತಟ್ಟದು. ಆದರೆ ಕಂಬಳಿಯ ನೂಲಿಗೆ ಹುಣಸೆಬೀಜದ ಗಂಜಿ ಕುಡಿಸದೆ ಮಗ್ಗಕ್ಕೆ ಏರಿಸುವ ರೂಢಿ ಅವಳ ಕುಲದಲ್ಲೇ ಇಲ್ಲ. ಮನೆಯಿಂದ ಗಂಜಿ ತಂದಳು, ದಾರಕ್ಕೆ ಸವರಿದಳು, ಕಟ್ಟಿದಳು. ಮಾದೇವಿ ಪಕ್ಕದಲ್ಲೇ ನಿಂತಿದ್ದರು.

ಪರೀಕ್ಷೆಗೆಂದು ನೌಕೆಯನ್ನು, ಬಾಹ್ಯಾಕಾಶದಲ್ಲಿರುವಂತೆ ಗಾಳಿ ತೆಗೆದ ಕೋಠಿಯಲ್ಲಿ ಇಟ್ಟಾಗ ಗಂಜಿಯ ಸಾರವೆಲ್ಲ ಆವಿಯಾಗಿ ಹೊರಟು, ತಣ್ಣಗಿದ್ದ ಕ್ಯಾಮೆರಾದ ಗಾಜಿನ ಮೇಲೆ ಪೊರೆಯಾಗಿ ಕೂತಿತು. ಕೋಟಿಗಟ್ಟಲೆ ಹರದಾರಿ ಹೋಗಬೇಕಾದ ಕಣ್ಣು ಊರಲ್ಲೇ ಕುರುಡಾಯಿತು.

ಯೋಜನೆಯ ಮೇಲ್ವಿಚಾರಕ ಶಶಿಕಾಂತ ಬೆಂಗಳೂರಿನಿಂದ ಬಂದರು. ಅಂದು ನಾನೂ ಅಲ್ಲಿದ್ದೆ. ಅವರು ಕೆಟ್ಟವರಲ್ಲ, ಅವಸರದಲ್ಲಿದ್ದವರು. ರಾಕೆಟ್ಟು ಯಾರಿಗೂ ಕಾಯುವುದಿಲ್ಲ. ಚೀಲದಿಂದ ಥಳಥಳಿಸುವ ಹಿತ್ತಾಳೆಯ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಕ್ಯಾಮೆರಾ ಬಿಟ್ಟುಬಿಡಿ ಮೇಡಂ. ಆ ಜಾಗದಲ್ಲಿ ಇದನ್ನ ಕೂರಿಸಿ. ಅಷ್ಟೇ ತೂಕ, ನೌಕೆ ಓಲಾಡೋದಿಲ್ಲ. ಹಾರಿಸಿದೆವು ಅಂತ ಹೇಳೋಕಾದರೂ ಆಗುತ್ತೆ." ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ. "ಕಂಬಳಿ ನೇಯೋರ ಕೈಗೆ ಇದನ್ನ ಕೊಟ್ಟಿದ್ದೇ ತಪ್ಪು. ಇದು ಈ ಕಡೆ ಆಗೋ ಕೆಲಸ ಅಲ್ಲ" ಎಂದರು.

ಈ ಕಡೆ! ಸರ್ಕಾರದ ದಾರಿ ಕಾದು ಕಾದು ಬೇಸತ್ತು, ರೈತರೇ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡ ಬ್ಯಾರೇಜು ಕಟ್ಟಿದ ಸೀಮೆಯಿದು. ನನ್ನ ನಾಲಿಗೆ ತುದಿಗೆ ಬಂದದ್ದನ್ನು ಇಲ್ಲಿ ಅಚ್ಚು ಹಾಕಲಾಗದು. ಬಾಗಿಲ ಬಳಿ ನಿಂತಿದ್ದ ಹೊಳೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮಾದೇವಿ ಹಿತ್ತಾಳೆಯನ್ನು ಅಂಗೈಗೆ ತೆಗೆದುಕೊಂಡರು. ತೂಗಿದರು.

"ತೂಕ ಬರೋಬ್ಬರಿ ಐತ್ರಿ" ಎಂದರು. "ಆದ್ರ ಇದು ನೋಡಂಗಿಲ್ಲ."

ಶಶಿಕಾಂತ ಏನೋ ಹೇಳಹೊರಟರು. ಮಾದೇವಿ ಬಿಡಲಿಲ್ಲ: "ಗಂಜಿ ಹಚ್ಚಿದಾಕಿ ಅಕಿ, ಖರೆ. ನೋಡಕೋತ ನಿಂತಾಕಿ ನಾನು. ನಮ್ಮ ಮನ್ಯಾಗೂ ಗಂಜಿ ಇಲ್ಲದ ನೂಲು ಮಗ್ಗ ಏರಿಲ್ಲ, ಹಂಗಾಗಿ ನನಗ ಅದು ಕಾಣಲೇ ಇಲ್ಲ. ತಪ್ಪು ನಂದು. ಕೋಠಿಯೊಳಗ ಇನ್ನೊಂದು ಸರ್ತಿ ಇಡಾಕ ಕೊಡ್ರಿ. ಮತ್ತ ಪೊರಿ ಬಂದ್ರ ನಾನಽ ನಿಮ್ಮ ಹಿತ್ತಾಳಿ ಕೂಡಸ್ತೀನಿ."

ಇನ್ನೊಂದೇ ಸರತಿ ಸಿಕ್ಕಿತು. ಗಂಟುಗಳನ್ನು ಕತ್ತರಿಸುವಂತಿರಲಿಲ್ಲ, ಬ್ಲೇಡು ತಾಗಿದರೆ ತಂತಿಗೆ ಗಾಯ. ಸೂಜಿಮೊನೆಯಿಂದ ಒಂದೊಂದನ್ನೇ ಸಡಿಲಿಸಿ ಬಿಚ್ಚಬೇಕಿತ್ತು. ಇಬ್ಬರೂ ಎದುರುಬದುರು ಕೂತರು. ಮಾದೇವಿ ಬಿಚ್ಚಿ ಒರೆಸುವುದು, ಹೊಳೆವ್ವ ಹೊಸ ದಾರ ಕಟ್ಟುವುದು. ಕೈಗವಸು ತೊಟ್ಟ ಹೊಳೆವ್ವನ ಬೆರಳು ರೂಢಿಯಂತೆ ಎಡಕ್ಕೆ, ಗಂಜಿಯ ಬಟ್ಟಲಿದ್ದ ಜಾಗಕ್ಕೆ ಹೋಗಿ, ಬರಿದಾಗಿ ಮರಳುತ್ತಿತ್ತು.

"ಗಂಜಿ ಕುಡೀದ ನೂಲು ಹಸದ ಕೂಸಿನಂಗರೀ, ನಿಲ್ಲೂದಿಲ್ಲ. ಉಪಾಸನಽ ಕಳಸೂದೇನು ಅಕ್ಕಾರ?"

"ಹೂಂ ಬೇ. ನೀರೂ ಇಲ್ಲ. ಕಡಕ್ ಉಪಾಸ."

"ಯವ್ವಾ, ಶಿವರಾತ್ರಿಗೂ ಹಣ್ಣು ತಿಂತೀವಲ್ರೀ!"

ನಗುತ್ತಲೇ ಅವಳು ಕಟ್ಟಿದಳು, ಕೊನೆಯ ಗಂಟಿನವರೆಗೂ. ಎರಡನೆಯ ಸಲ ಕೋಠಿಯಿಂದ ಹೊರಬಂದ ಗಾಜಿನಲ್ಲಿ ಅವಳ ಮೂಗುತಿ ಕಂಡಿತು. ಶಶಿಕಾಂತ ಕ್ಯಾಮೆರಾಕ್ಕೆ ಒಪ್ಪಿಗೆ ಕೊಟ್ಟರು. ಹೋಗುವಾಗ ಹೊಳೆವ್ವನಿಗೆ ಕೈ ಮುಗಿದರು ಎಂಬುದನ್ನೂ ನ್ಯಾಯಕ್ಕಾಗಿ ಬರೆಯಬೇಕು.

ನೌಕೆ ಈಗ ಹಾದಿಯಲ್ಲಿದೆ. ಮೊನ್ನೆ ಹೋದಾಗ ಮಾದೇವಿ ಪರದೆಯ ಮೇಲಿನ ಚಿತ್ರ ತೋರಿಸಿದರು. ಕಪ್ಪಿನ ನಡುವೆ ಒಂದು ಬಿಳಿ ಕಣ.

"ಕಲ್ಲು ಇದೇ ಏನ್ರಿ?" ಎಂದೆ.

"ಇನ್ನ ಚುಕ್ಕಿ ಐತ್ರಿ" ಎಂದರು. "ಆದ್ರ ಸ್ವಚ್ಛ ಚುಕ್ಕಿ."

ಹಿತ್ತಾಳೆಯ ತುಂಡು ಅವರ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ. ಅದನ್ನು ನೋಡಿದಾಗಲೆಲ್ಲ ನನಗೆ ನಮ್ಮ ಸಭೆ ಸಮಿತಿಗಳು, ಪೀಠ ಪದವಿಗಳು ನೆನಪಾಗುತ್ತವೆ. ತೂಕಕ್ಕೆ ಸರಿಯಾಗಿ ಕೂತ, ಥಳಥಳಿಸುವ, ಏನನ್ನೂ ನೋಡದ ಎಷ್ಟೊಂದು ಹಿತ್ತಾಳೆ! ಅವುಗಳ ಮೇಲೆ ಯಾವ ಆರೋಪವೂ ಇಲ್ಲ; ನೋಡುವ ಕೆಲಸ ಹೊತ್ತವರಷ್ಟೇ ಕುರುಡಾಗುವ ಅಪಾಯವನ್ನೂ ಹೊರುತ್ತಾರೆ. ಮಾದೇವಿಯಂಥವರು ಒಮ್ಮೆ ಮಸುಕಾದರೆ ಸಾಕು, ಜಗತ್ತು ಅವರ ಜಾಗಕ್ಕೆ ಲೋಹದ ತುಂಡು ಹಿಡಿದು ಬರುತ್ತದೆ. ಅವರು ಜಗಳಾಡುವುದಿಲ್ಲ. ಕೂತು ತಾವೇ ಕಟ್ಟಿಸಿದ ಗಂಟನ್ನು ತಾವೇ ಬಿಚ್ಚುತ್ತಾರೆ, ಒರೆಸುತ್ತಾರೆ, ಮತ್ತೆ ಕಟ್ಟಿಸುತ್ತಾರೆ. ಪೊರೆ ಬರುವುದು ಗಾಜಿಗೆ ಮಾತ್ರ. ಹಿತ್ತಾಳೆಗೆ ಆ ಭಯವಿಲ್ಲ.